ಚಾಕಿನ ಸಂದಿಯಲ್ಲಿದ್ದ ವಿಭೂತಿ

ಮಡಿಸುವ ಚಾಕು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅಲಗನ್ನಲ್ಲ, ಬೆನ್ನನ್ನು. ಅಲಗು ಮೊಂಡಾಗಿದ್ದರೆ ಕಲ್ಲಿಗೆ ಉಜ್ಜಿದರಾಯಿತು. ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ತೆರೆದ ಅಲಗನ್ನು ತೆರೆದಂತೆಯೇ, ಮಡಿಸಿದ್ದನ್ನು ಮಡಿಸಿದಂತೆಯೇ ಒತ್ತಿ ಹಿಡಿಯುವುದು ಅದರ ಕೆಲಸ. ಆ ಪಟ್ಟಿ ಸೋತಿದ್ದರೆ ಚಾಕನ್ನು ನಂಬುವಂತಿಲ್ಲ. ಇಷ್ಟೆಲ್ಲ ಚೆನ್ನಾಗಿ ಗೊತ್ತಿದ್ದವನು ಒಂದು ಸಲ ನೋಡಿಯೂ ನೋಡದವನಂತೆ ಇದ್ದುಬಿಟ್ಟೆ. ಅದೂ ನನ್ನ ಒಡಹುಟ್ಟಿದ ಅಕ್ಕನ ಚಾಕಿನಲ್ಲಿ.

ಈ ಚಟ ನನಗೆ ಹತ್ತಿದ್ದು ಐವತ್ತಾರನೆಯ ಇಸವಿಯ ಕೊನೆಯಲ್ಲಿ, ನಮ್ಮ ಕೊಳ್ಳೇಗಾಲ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಕಿರಿಯ ಗುಮಾಸ್ತ. ಹಳೆಯ ಕಡತಗಳು ಕೊಯಮತ್ತೂರಿನ ಕಡೆಯವೋ, ಇಲ್ಲೇ ಇರತಕ್ಕವೋ, ಹೊಸ ನಮೂನೆಗಳು ಯಾವಾಗ ಬರುತ್ತವೋ ಯಾರಿಗೂ ತಿಳಿಯದೆ ಕೆಲವು ವಾರ ನಾವೆಲ್ಲ ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೆವು. ಇದು ಹಾಸ್ಯಕ್ಕೆ ಹೇಳುತ್ತಿರುವ ಮಾತಲ್ಲ, ನಿಜವಾಗಿಯೂ ಅದನ್ನೇ ಮಾಡುತ್ತಿದ್ದೆವು. ಹೆಡ್ ಗುಮಾಸ್ತರ ಡ್ರಾಯರಿನಲ್ಲಿ ಯಾವುದೋ ಕಾಲದ ಒಂದು ಪುಟ್ಟ ಚಾಕು ತುಕ್ಕು ಹಿಡಿದು ಬಿದ್ದಿತ್ತು. ಬಾಯಿ ಬಿಡಿಸಲು ನೋಡಿದವರೆಲ್ಲ ಉಗುರು ಕಿತ್ತುಕೊಂಡಿದ್ದರು. ಮಾಡಲು ಕೆಲಸವಿಲ್ಲದ ನಾನು ಅದನ್ನು ಮನೆಗೆ ಒಯ್ದು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ.

ಎರಡು ದಿನ ಬಿಟ್ಟು ತೆಗೆದರೆ ಅಲಗು ಕೂದಲೆಳೆಯಷ್ಟು ಅಲುಗಿತು. ಮತ್ತೆ ನೆನೆಹಾಕಿದೆ, ಮತ್ತೆ ಅಲುಗಿಸಿದೆ. ಐದನೆಯ ದಿನ ಅದು ಪೂರ್ತಿ ತೆರೆದುಕೊಂಡಿತು. ಒಳಗಿನ ತುಕ್ಕನ್ನು ಬಿದಿರುಕಡ್ಡಿಯ ತುದಿಗೆ ಬಟ್ಟೆ ಸುತ್ತಿ ತೆಗೆದೆ, ಒಲೆಯ ಬೂದಿ ಹಚ್ಚಿ ಉಜ್ಜಿದೆ, ಬಿಸಿ ಸೀಗೆನೀರಿನಲ್ಲಿ ತೊಳೆದೆ, ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಅಲಗು ತಿರುಗುವ ಮೊಳೆಯ ಸಂದಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ತೊಟ್ಟು. ಆಮೇಲೆ ತೆರೆಯುವುದು, ಮುಚ್ಚುವುದು, ಬರುವ ಕಪ್ಪು ನೀರನ್ನು ಒರೆಸುವುದು. ಕಪ್ಪು ನಿಂತು ಎಣ್ಣೆ ಎಣ್ಣೆಯಾಗಿಯೇ ಬರುವವರೆಗೂ ಇದೇ ಕೆಲಸ. ಕೊನೆಗೊಂದು ಸಲ ತೆರೆದಾಗ ಅಲಗು ಅರ್ಧ ದಾರಿಯಲ್ಲಿ ಪಟ್ಟಿಯ ಹಿಡಿತಕ್ಕೆ ಸಿಕ್ಕಿ, ತಾನಾಗಿಯೇ ಹಾರಿ ಟಕ್ಕೆಂದು ಕೂತಿತು. ಆ ಸದ್ದಿಗೆ ನಾನು ಸೋತುಹೋದೆ. ಕಚೇರಿಯಲ್ಲಿ ಇಡೀ ಜನ್ಮ ಬರೆದರೂ ಅಂಥ ಮೆಚ್ಚುಗೆ ಸಿಕ್ಕುತ್ತಿರಲಿಲ್ಲ, ಹೆಡ್ ಗುಮಾಸ್ತರು ಅಂದು ಐದು ನಿಮಿಷ ಚಾಕನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಆಟವಾಡಿದರು.

ಸುದ್ದಿ ಹಬ್ಬಿತು. ಕಚೇರಿಗೆ ಬಂದ ರೈತರು ಅರ್ಜಿಯ ಜೊತೆಗೆ ಚಾಕನ್ನೂ ಮುಂದಿಡತೊಡಗಿದರು. ನಮ್ಮ ಕಡೆಯ ಗಂಡಸಿಗೆ ಆಗ ಸೊಂಟದಲ್ಲೋ ಅಂಗಿಯ ಕಿಸೆಯಲ್ಲೋ ಒಂದು ಮಡಿಸುವ ಚಾಕು ಇದ್ದೇ ಇರುತ್ತಿತ್ತು. ಅಡಿಕೆ ಹೋಳು ಮಾಡಲಿಕ್ಕೆ, ಕಬ್ಬಿನ ಸಿಪ್ಪೆ ತೆಗೆಯಲಿಕ್ಕೆ, ಎತ್ತಿನ ಗೊರಸಿನ ಮುಳ್ಳು ಕೀಳಲಿಕ್ಕೆ, ಸುಮ್ಮನೆ ಕೂತಾಗ ಕಡ್ಡಿ ಕೆತ್ತಲಿಕ್ಕೆ. ನನ್ನ ಸುಗ್ಗಿ ಮಾತ್ರ ಆಯುಧಪೂಜೆ ಕಳೆದ ಮೇಲೆ ಶುರುವಾಗುತ್ತಿತ್ತು. ನೇಗಿಲು, ಕುಡುಗೋಲು, ಮಚ್ಚಿನ ಜೊತೆಗೆ ಚಾಕನ್ನೂ ತೊಳೆದು ಸಾಲಿನಲ್ಲಿಟ್ಟು ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಾರೆ. ಮೇಲೆ ಕುಂಕುಮ. ಕುಡುಗೋಲಿಗೆ ಅದರಿಂದ ಏನೂ ಆಗದು. ಚಾಕಿನಲ್ಲಿ ಮಾತ್ರ ಆ ವಿಭೂತಿ ನೀರು ಸಂದಿಗೆ ಇಳಿದು ಒಣಗುತ್ತದೆ. ವರ್ಷ ವರ್ಷ ಇಳಿದದ್ದು ಒಳಗೆ ಗಾರೆಯಾಗಿ ಕೂತು, ಅಲಗು ಸೊಟ್ಟ ಮುಖ ಮಾಡಿಕೊಂಡು ನಿಲ್ಲುತ್ತದೆ. ಪೂಜೆ ಮಾಡಿ ಮಾಡಿ ನೀವೇ ಕೆಡಿಸಿಕೊಂಡಿರಿ ಎಂದು ನಾನು ಅವರನ್ನು ಗೇಲಿ ಮಾಡುತ್ತಿದ್ದೆ. ನಮ್ಮದೇ ಮನೆಯ ಸಾಲಿನಲ್ಲೂ ಅದೇ ವಿಭೂತಿ ಎಳೆಯುತ್ತಿದ್ದೆವು ಎನ್ನುವುದು ಬೇರೆ ಮಾತು. ಎರಡಕ್ಷರ ಕಲಿತವನ ಕೊಬ್ಬು ಅಂತ ಈಗ ಅನ್ನಿಸುತ್ತದೆ.

ಅಕ್ಕನನ್ನು ಹನೂರಿಗೆ ಕೊಟ್ಟಿತ್ತು. ಭಾವ ಲೊಕ್ಕನಹಳ್ಳಿಯ ಹಾದಿಯಲ್ಲಿ ಹೊಲವಿದ್ದ ಒಕ್ಕಲು. ದೊಡ್ಡ ದನಿ, ದೊಡ್ಡ ಕೈ. ಪಾಲಾರ್ ಕಡೆಯಿಂದ ಸಾಮಾನು ಹೊತ್ತು ಬರುತ್ತಿದ್ದ ಒಬ್ಬ ತಮಿಳಿನವನ ಹತ್ತಿರ ಕೊಂಡ, ಕೋಣನ ಕೊಂಬಿನ ಹಿಡಿಯ ಚಾಕೊಂದು ಅವರ ಕಿಸೆಯಲ್ಲಿತ್ತು. ಅಕ್ಕನನ್ನು ಬಿಟ್ಟು ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ, ನನಗಂತೂ ಮುಟ್ಟಲೂ ಬಿಡುತ್ತಿರಲಿಲ್ಲ. ನೀನು ಅದಕ್ಕೆ ಎಣ್ಣೆ ನೀರು ಎರೆದು ಬಾಣಂತಿ ಮಾಡ್ತೀಯ ಎಂದು ನಗುತ್ತಿದ್ದರು. ಚಾಕನ್ನು ಎಂದೂ ಕೈಯಿಂದ ಕೈಗೆ ಕೊಡದ ಮನುಷ್ಯ. ನಮ್ಮ ಕಡೆ ಎಲ್ಲರೂ ಹಾಗೆಯೇ. ಕೊಡುವವರು ನೆಲದ ಮೇಲೆ ಇಡಬೇಕು, ತೆಗೆದುಕೊಳ್ಳುವವರು ನೆಲದಿಂದ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಇಬ್ಬರ ನಡುವೆ ಕೇಡು ಬರುತ್ತದೆ ಅಂತ. ಭಾವ ಅಡಿಕೆ ಹೋಳು ಮಾಡಲು ಅಕ್ಕನಿಗೆ ಚಾಕು ಕೊಡುವಾಗಲೂ ಜಗಲಿಯ ಮೇಲೆ ಇಟ್ಟೇ ಕೊಡುತ್ತಿದ್ದರು.

ಕೊಳ್ಳೇಗಾಲ ಮೈಸೂರಿಗೆ ಸೇರಿದ ನಾಲ್ಕನೆಯ ವರ್ಷ ಭಾವ ಹದಿನೈದು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಹೊಲ ಮೈದುನಂದಿರ ಕೈಯಲ್ಲಿತ್ತು. ಅವರೇನೂ ಅಕ್ಕನನ್ನು ಹೊರಗೆ ಹಾಕಲಿಲ್ಲ. ನಾನೂ ಬಾ ಎಂದು ಕರೆದೆ. ಅಕ್ಕ ಎರಡು ಕಡೆಗೂ ತಲೆಯಾಡಿಸಲಿಲ್ಲ. ಹನೂರಿನ ಮನೆಯ ಹಿಂದಿನ ಭಾಗ ಕೇಳಿ ಪಡೆದು, ಒಂದು ರೇಷ್ಮೆ ಚರಕ ಹಾಕಿಕೊಂಡಳು. ಪಕ್ಕದ ಮನೆಯ ಹೆಂಗಸೊಬ್ಬಳು ಚಕ್ರ ತಿರುಗಿಸಲು ಬರುತ್ತಿದ್ದಳು. ಅಕ್ಕ ಬಾಣಲೆಯ ಮುಂದೆ.

ಆ ಕೆಲಸವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಕುದಿಯುವ ನೀರಿಗೆ ಗೂಡು ಹಾಕಿ ಕಡ್ಡಿಯಲ್ಲಿ ಆಡಿಸಿದರೆ ಗೂಡಿನ ಎಳೆ ಬಿಡುತ್ತದೆ. ಅದರ ತುದಿ ಕಣ್ಣಿಗೆ ಕಾಣುವುದಿಲ್ಲ ಎಂದೇ ಹೇಳಬಹುದು. ಹೆಬ್ಬೆರಳು ತೋರುಬೆರಳಿನ ನಡುವೆ ಅದು ಸಿಕ್ಕಿತೋ ಇಲ್ಲವೋ ಎನ್ನುವುದನ್ನು ಬೆರಳೇ ಹೇಳಬೇಕು. ಹಾಗೆ ಏಳೆಂಟು ಗೂಡಿನ ಎಳೆ ಕೂಡಿಸಿ ಚರಕಕ್ಕೆ ಕೊಡಬೇಕು, ಒಂದು ಎಳೆ ಮುಗಿದ ಕೂಡಲೇ ಇನ್ನೊಂದನ್ನು ಸೇರಿಸಬೇಕು. ಅಕ್ಕನ ಬೆರಳು ಒಂದೇ ವರ್ಷದಲ್ಲಿ ಪಳಗಿತು. ಅವಳು ತೆಗೆದ ನೂಲು ಗಂಟಿಲ್ಲದ ನೂಲು ಎಂದು ಕೊಳ್ಳೇಗಾಲದ ನೇಕಾರರು ಹುಡುಕಿಕೊಂಡು ಬರುತ್ತಿದ್ದರು. ಯಾರ ಹಂಗೂ ಇಲ್ಲದೆ, ಯಾರ ಮನೆಯ ಮೂಲೆಯಲ್ಲೂ ಕೂರದೆ ಅವಳು ಬದುಕುತ್ತಿದ್ದುದು ಆ ಎರಡು ಬೆರಳಿನ ಮೇಲೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶವೇ ನನಗಿಲ್ಲ.

ಭಾವನ ಚಾಕು ಅವಳ ಬಳಿಯೇ ಇತ್ತು. ಒಂದು ಶನಿವಾರ ನಾನು ಹನೂರಿಗೆ ಹೋದಾಗ ಅದನ್ನು ತಂದು ನನ್ನ ಮುಂದೆ ನೆಲದ ಮೇಲೆ ಇಟ್ಟಳು.

"ಇದ ವಸಿ ಸಡ್ಲ ಮಾಡ್ಕೊಡ್ಲಾ. ಬಿಸಿನೀರಲ್ಲಿ ಕೈಯಿಟ್ಟು ಇಟ್ಟು ಉಗ್ರೆಲ್ಲ ಮೆತ್ಗಾಗೋಗವೆ. ತೆಗ್ಯಾಕೇ ಆಗಲ್ಲ."

ಇಷ್ಟು ವರ್ಷ ಮುಟ್ಟಲು ಬಿಡದಿದ್ದ ಚಾಕು ಕೊನೆಗೂ ನನ್ನ ಕೈಗೆ ಬಂತಲ್ಲ ಎಂದು ನನಗೆ ಹಿಗ್ಗು. ತೆರೆಯಲು ನೋಡಿದೆ. ನನ್ನ ಉಗುರಿಗೂ ಕಷ್ಟವೇ. ಎರಡು ಕೈ ಹಾಕಿ ಎಳೆದಾಗ ಕರಕರ ಎನ್ನುತ್ತ ತೆರೆದು, ನಿಂತಲ್ಲಿ ಗೂಟ ಹೊಡೆದಂತೆ ನಿಂತಿತು. ಭಾವ ಅದರ ತುದಿಯಿಂದ ಗಾಡಿಯ ಮೂಕಿಯ ಸಂದಿ ಕೆದಕುತ್ತಿದ್ದುದು ನೆನಪಾಯಿತು. ಅಷ್ಟು ಒತ್ತಿದರೂ ಅಲಗು ಮಿಸುಕುತ್ತಿರಲಿಲ್ಲ.

ಕೊಳ್ಳೇಗಾಲಕ್ಕೆ ತಂದು ಭಾನುವಾರ ಬೆಳಿಗ್ಗೆಯೇ ಕೆಲಸಕ್ಕೆ ಕೂತೆ. ಸೀಮೆಎಣ್ಣೆಯ ಬಟ್ಟಲು ಸ್ವಲ್ಪ ಹೊತ್ತಿಗೇ ಹಾಲಿನಂತಾಯಿತು. ಕಡ್ಡಿ ಹಾಕಿ ಕೆದಕಿದರೆ ಬಿಳಿಯ ಹೆಕ್ಕಳಿಕೆಗಳು ಎದ್ದವು, ನಡುನಡುವೆ ಕುಂಕುಮದ ಕೆಂಪು ಗೆರೆ. ಭಾವ ತಮ್ಮ ಕೈಯಾರೆ ಇಟ್ಟ ವಿಭೂತಿ ಅದು, ಮದುವೆಯಾದಂದಿನಿಂದ ಸಾಯುವ ವರ್ಷದವರೆಗಿನದು. ಅದನ್ನು ನಾನು ಕೊಳೆ ಎಂದುಕೊಂಡು ಬಚ್ಚಲಿಗೆ ಚೆಲ್ಲಿದೆ. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ಬೆಳಗಿದ ಹಿತ್ತಾಳೆಯ ಹೊಳಪು.

ಎಣ್ಣೆ ಬಿಟ್ಟು ತೆರೆದೆ. ಅಲಗು ನೀರಿನಲ್ಲಿ ಜಾರಿದಂತೆ ತೆರೆಯಿತು. ಆದರೆ ಟಕ್ಕೆನ್ನಲಿಲ್ಲ.

ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ಸದ್ದಿಲ್ಲ. ಬೆನ್ನಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ಎಂದೋ ಸೋತಿತ್ತು, ಅಲಗಿನ ಬುಡವನ್ನು ತಾಗಿಯೂ ತಾಗದಂತೆ ಮೇಲೆದ್ದು ನಿಂತಿತ್ತು. ಇಷ್ಟು ವರ್ಷ ಆ ಅಲಗನ್ನು ಹಿಡಿದು ನಿಲ್ಲಿಸಿದ್ದು ಪಟ್ಟಿಯಲ್ಲ, ನಾನು ಬಚ್ಚಲಿಗೆ ಚೆಲ್ಲಿದ ವಿಭೂತಿ. ಇದು ನನಗೆ ಆ ಗಳಿಗೆಯಲ್ಲೇ ಅರ್ಥವಾಯಿತು. ಏನು ಮಾಡಬೇಕು ಎನ್ನುವುದೂ ಗೊತ್ತಿತ್ತು. ಮೊಳೆ ತೆಗೆದು, ಪಟ್ಟಿಯನ್ನು ಕುಲುಮೆಯಲ್ಲಿ ಬಾಗಿಸಿ ಹದ ಮಾಡಿಸಿ, ಸೈಕಲ್ಲಿನ ಸ್ಪೋಕ್ ತುಂಡಿನಿಂದ ಹೊಸ ಮೊಳೆ ಹೊಡೆಯಬೇಕು. ಅಂದರೆ ಇನ್ನೊಂದು ವಾರ. ಆದರೆ ಮಾರನೆಯ ದಿನ ಕಚೇರಿಯ ಕೆಲಸದ ಮೇಲೆ ನಾನು ಹನೂರಿಗೆ ಹೋಗುವವನಿದ್ದೆ. ಚಾಕು ಕೇಳಿದರೆ ಆಗಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಆಗಲಿಲ್ಲ ಎನ್ನುವ ಮಾತು ಆ ದಿನಗಳಲ್ಲಿ ನನ್ನ ನಾಲಿಗೆಯಲ್ಲಿ ಇರಲಿಲ್ಲ. ಅಡಿಕೆ ಹೋಳು ಮಾಡುವ ಹೆಂಗಸಿಗೆ ಇಷ್ಟು ಸಾಕು, ಮುಂದಿನ ಸಲ ನೋಡಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸೋಮಾರಿ ಸಮಾಧಾನಕ್ಕೆ ನಾನು ಇಂದಿಗೂ ನನ್ನನ್ನು ಕ್ಷಮಿಸಿಲ್ಲ.

ಮಾರನೆಯ ದಿನ ಹನೂರಿಗೆ ಹೋದಾಗ ಅಕ್ಕ ಚರಕ ನಿಲ್ಲಿಸಿ ಎದ್ದು ಬಂದಳು. ನಾನು ಒಂದೇ ಬೆರಳಲ್ಲಿ ಚಾಕು ತೆರೆದು ತೋರಿಸಿದೆ. ಅವಳು ಕಣ್ಣರಳಿಸಿ ನೋಡಿ, ಒಳಗಿದ್ದ ವಿಭೂತಿಯೆಲ್ಲ ಎಲ್ಲಿ ಹೋಯಿತು ಎಂದು ಕೇಳಿದಳು. ತುಕ್ಕಿನ ಜೊತೆ ಹೋಯಿತು ಎಂದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ನಾನು ಚಾಕನ್ನು ನೆಲದ ಮೇಲೆ ಇಡುತ್ತೇನೆಂದು ಕುಕ್ಕರುಗಾಲಲ್ಲಿ ಕೂತು ಕಾದಳು. ನನಗೆ ತಮಾಷೆ. ಯಾವ ಕಾಲದಲ್ಲಿದ್ದೀಯ ಅಕ್ಕ, ಹಿಡಿ ಎಂದು ಅವಳ ಒದ್ದೆ ಅಂಗೈಯನ್ನು ಎಳೆದು ಅದರಲ್ಲೇ ಇಟ್ಟೆ. ಓದಿದ ತಮ್ಮ ಹೇಳಿದನಲ್ಲ ಎಂದು ಅವಳು ಹಿಡಿದುಕೊಂಡಳು.

ಆಮೇಲೆ ಹನ್ನೊಂದು ದಿನ. ಚರಕದ ಚಕ್ರದ ಗೂಟ ಮುರಿದು ತುಂಡು ತೂತಿನೊಳಗೇ ಸಿಕ್ಕಿಕೊಂಡಿತ್ತಂತೆ. ಭಾವ ಇದ್ದಾಗ ಇಂಥದಕ್ಕೆಲ್ಲ ಆ ಚಾಕಿನ ತುದಿಯೇ. ಅಕ್ಕ ತೂತಿಗೆ ಚಾಕಿನ ತುದಿ ಕೊಟ್ಟು, ಬಲಗೈಯಲ್ಲಿ ಹಿಡಿ ಬಿಗಿಹಿಡಿದು ಒತ್ತಿ ಮೀಟಿದಳು. ಅಲಗು ಒಂದಿಷ್ಟೂ ತಡೆಯದೆ ಹಿಂದಕ್ಕೆ ಮಡಿಸಿಕೊಂಡಿತು. ಹಿಡಿಯ ಮೇಲಿದ್ದ ಅವಳ ತೋರುಬೆರಳು ಅಲಗಿಗೂ ಹಿಡಿಗೂ ನಡುವೆ ಸಿಕ್ಕಿತು. ನಾನೇ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದ ಅಲಗು.

ಮೈದುನಂದಿರು ಬಸ್ಸಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತಂದು ನನಗೆ ಹೇಳಿಕಳಿಸಿದರು. ಡಾಕ್ಟರು ಹೊಲಿಗೆ ಹಾಕಿದರು. ಗಾಯ ಮಾಯುತ್ತದೆ, ಆದರೆ ಒಳಗಿನ ನರ ಕಡಿದುಹೋಗಿದೆ, ಬೆರಳು ಮಡಿಸಲು ಬರುವುದಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ನಾನು ಒಳಗೆ ಹೋದೆ. ಮಂಚದ ಸುತ್ತ ಮೈದುನಂದಿರು, ನನ್ನ ಹೆಂಡತಿ. ಅಕ್ಕ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡೊಡನೆ, ಬೇರೆ ಯಾರೂ ಮಾತಾಡುವ ಮೊದಲೇ ಅವಳೇ ಅಂದಳು:

"ನೀನೇನೂ ಮನ್ಸಿಗೆ ಅಚ್ಕಬ್ಯಾಡ ಕಣ್ಲಾ. ನಂದೇ ತಪ್ಪು. ಅವ್ರು ಇಟ್ಟಿದ್ ವಿಭೂತಿ ತೆಗ್ಸುದ್ನಲ್ಲ, ಅವ್ರಿಗೆ ಕ್ವಾಪ ಬಂತು. ಮ್ಯಾಲೆ ಕೈಗೆ ಬ್ಯಾರೆ ಈಸ್ಕಂಡೆ."

ಮೈದುನಂದಿರು ಹೌದೆಂದು ತಲೆದೂಗಿದರು. ಹೇಳಬೇಕಾದ ಜಾಗ ಅದೇ ಆಗಿತ್ತು. ಅಲ್ಲ ಅಕ್ಕ, ಪಟ್ಟಿ ಸೋತಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಕೊಟ್ಟೆ. ಇಷ್ಟೇ ಮಾತು. ಬಾಯಿ ತೆರೆದೆ ಕೂಡ. ಮೈದುನಂದಿರ ಮುಖ ನೋಡಿದೆ, ಹೆಂಡತಿಯ ಮುಖ ನೋಡಿದೆ. ಕಾಫಿ ತರಲೇ ಎಂದು ಕೇಳಿ ಹೊರಗೆ ಬಂದುಬಿಟ್ಟೆ.

ಆಮೇಲೆ ಹೇಳಬಹುದಿತ್ತು. ಮೊದಲ ವಾರ, ಗಾಯ ಹಸಿಯಿದೆ, ಈಗ ಬೇಡ ಎಂದುಕೊಂಡೆ. ಎರಡನೆಯ ತಿಂಗಳು, ಮಾಯುತ್ತಿದೆ, ಮತ್ತೆ ಕೆದಕುವುದೇಕೆ ಎಂದುಕೊಂಡೆ. ವರ್ಷ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎನ್ನುವ ಭಯ ಶುರುವಾಯಿತು.

ಅಕ್ಕ ಚರಕದ ಮುಂದೆ ಕೂರಲು ನೋಡಿದಳು. ನೆಟ್ಟಗೆ ನಿಂತ ಬೆರಳು ಎಳೆಯ ತುದಿ ಹಿಡಿಯದು. ನಡುಬೆರಳಲ್ಲಿ ಕಲಿತಳು, ಎಡಗೈಯಲ್ಲಿ ಕಲಿತಳು. ನೂಲಿನಲ್ಲಿ ಗಂಟು ಬಂತು. ನೇಕಾರರು ಬರುವುದನ್ನು ನಿಲ್ಲಿಸಿದರು. ಆರು ತಿಂಗಳು ಹಟ ಹಿಡಿದು ನೋಡಿ ಕೊನೆಗೆ ಚರಕವನ್ನು ಚಕ್ರ ತಿರುಗಿಸುತ್ತಿದ್ದ ಹೆಂಗಸಿಗೇ ಕೊಟ್ಟು, ಒಂದು ಟ್ರಂಕು ಹೊತ್ತು ನನ್ನ ಮನೆಗೆ ಬಂದಳು. ಎರಡು ವರ್ಷದ ಹಿಂದೆ ನಾನು ಬಾ ಎಂದಾಗ ಬರದಿದ್ದವಳು. ಅಷ್ಟರಲ್ಲಿ ನನಗೆ ಯಳಂದೂರಿಗೆ ವರ್ಗವಾಗಿತ್ತು. ಅಲ್ಲಿನ ಮನೆಯ ಅಡಿಗೆಮನೆ ಅವಳದಾಯಿತು. ನನ್ನ ಹೆಂಡತಿ ಒಳ್ಳೆಯವಳು, ಅಕ್ಕನೂ ಒಳ್ಳೆಯವಳು, ಜಗಳ ಎಂಬುದು ಇರಲಿಲ್ಲ. ಆದರೆ ಹನೂರಿನಲ್ಲಿ ಸೊಂಟಕ್ಕೆ ಸೆರಗು ಬಿಗಿದು ನೇಕಾರರ ಜೊತೆ ನೂಲಿನ ಮಾತಾಡುತ್ತಿದ್ದವಳು, ಯಳಂದೂರಿನಲ್ಲಿ ಒಂದು ಲೋಟ ಕಾಫಿ ಹೆಚ್ಚಿಗೆ ಬೇಕಾದರೂ ನನ್ನ ಹೆಂಡತಿಯ ಮುಖ ನೋಡುತ್ತಿದ್ದಳು.

ಚಾಕನ್ನೂ ಅವಳು ತಂದಿದ್ದಳು. ಪ್ರತಿ ಸೋಮವಾರ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಉಳಿದದ್ದನ್ನು ನೀರಲ್ಲಿ ಕಲಸಿ ಚಾಕಿಗೆ ಮೂರು ಗೆರೆ ಎಳೆಯುತ್ತಿದ್ದಳು. ನೆಟ್ಟಗೆ ನಿಂತ ಬೆರಳನ್ನು ಬಿಟ್ಟು ಉಳಿದ ಮೂರು ಬೆರಳಲ್ಲಿ. ಎಳೆದು, ತಪ್ಪಾಯ್ತು ಎಂದು ಮೆಲ್ಲಗೆ ಅಂದು, ಒಲೆಯ ಪಕ್ಕದ ಗೂಡಿನಲ್ಲಿ ಒಣಗಲು ಇಡುತ್ತಿದ್ದಳು. ಆಯುಧಪೂಜೆಯ ದಿನ ಮಾತ್ರವಲ್ಲ, ಪ್ರತಿ ಸೋಮವಾರ. ಪಕ್ಕದ ಕೋಣೆಯಲ್ಲಿ ಅಂಗಿ ತೊಡುತ್ತ ನಾನು ಆ ಮಾತನ್ನು ಕೇಳಿಸಿಕೊಂಡು ಕಚೇರಿಗೆ ಹೋಗುತ್ತಿದ್ದೆ.

ಒಮ್ಮೆ ಧೈರ್ಯ ಮಾಡಿ, ಚಾಕು ಕೊಡು ಅಕ್ಕ, ಬೆನ್ನಿನ ಪಟ್ಟಿ ಸರಿ ಮಾಡಿಸಿಕೊಡುತ್ತೇನೆ ಎಂದೆ. ಸರಿಮಾಡಿ ಕೊಟ್ಟು ಆ ನೆಪದಲ್ಲಿ ಹೇಳಿಬಿಡೋಣ ಎಂದು ಮನಸ್ಸಿನಲ್ಲಿತ್ತು. ಅವಳು ಚಾಕನ್ನು ಸೆರಗಿನ ಮರೆಗೆ ಎಳೆದುಕೊಂಡು, ಇನ್ನೊಂದು ಸಲ ಅವರನ್ನು ಕೆಣಕುವುದು ಬೇಡ ಎಂದಳು. ನಾನು ಮತ್ತೆ ಕೇಳಲಿಲ್ಲ. ಕೇಳದೆ ಇರಲು ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರವಾದದ್ದೂ ನಿಜ.

ಬೇರೆಯವರ ಚಾಕುಗಳು ಬರುತ್ತಲೇ ಇದ್ದವು. ಈಗ ನಾನು ಯಾವುದನ್ನೂ ಪೂರ್ತಿ ನುಣುಪು ಮಾಡುತ್ತಿರಲಿಲ್ಲ. ಪಟ್ಟಿ ನೋಡದೆ ಎಣ್ಣೆ ಬಿಡುತ್ತಿರಲಿಲ್ಲ. ತುದಿಯನ್ನು ಮರದ ತುಂಡಿಗೆ ಒತ್ತಿ ಅಲಗು ಮಡಿಯುವುದಿಲ್ಲ ಎಂದು ಖಾತ್ರಿಯಾಗದೆ ಕೊಡುತ್ತಿರಲಿಲ್ಲ. ಕೊಡುವಾಗ ನೆಲದ ಮೇಲೆ ಇಡುತ್ತಿದ್ದೆ. ವಯಸ್ಸಾದಂತೆ ನಮ್ಮ ಗುಮಾಸ್ತರಿಗೂ ಆಚಾರ ಬಂತು ಎಂದು ಜನ ಮೆಚ್ಚಿಕೊಂಡರು.

ಹೀಗೆ ಒಂಬತ್ತು ವರ್ಷ. ಎಪ್ಪತ್ತರ ದಶಕ ಕಾಲಿಟ್ಟಿತ್ತು. ಒಂದು ಸೋಮವಾರ ಕಚೇರಿಗೆ ರಜೆ. ಹೆಂಡತಿ ತವರಿಗೆ ಹೋಗಿದ್ದಳು, ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನೀರು ಕುಡಿಯಲು ಅಡಿಗೆಮನೆಗೆ ಹೋದವನಿಗೆ ಗೂಡಿನಲ್ಲಿ ಒಣಗಲು ಇಟ್ಟ ಚಾಕು ಕಂಡಿತು. ಒಂಬತ್ತು ವರ್ಷದಲ್ಲಿ ಅದನ್ನು ನಾನು ಮುಟ್ಟಿರಲಿಲ್ಲ. ಎತ್ತಿಕೊಂಡೆ. ತೆರೆಯಲು ಹೋದರೆ ಬರಲಿಲ್ಲ. ಎರಡು ಕೈ ಹಾಕಿ ಎಳೆದೆ. ಕರಕರ ಎಂದು ತೆರೆದು, ನಿಂತಿತು. ತುದಿಯನ್ನು ಹೊಸ್ತಿಲಿಗೆ ಕೊಟ್ಟು ಒತ್ತಿದೆ. ಮಿಸುಕಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಭಾವನ ಕಾಲದಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತಿತ್ತು. ನಾನು ಚೆಲ್ಲಿದ್ದನ್ನು ಅಕ್ಕ ಸೋಮವಾರ ಸೋಮವಾರಕ್ಕೆ ತಪ್ಪಾಯ್ತು ತಪ್ಪಾಯ್ತು ಎನ್ನುತ್ತ ಮತ್ತೆ ತುಂಬಿಟ್ಟಿದ್ದಳು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ ಅಕ್ಕ ನನ್ನ ಕೈಯಲ್ಲಿ ಚಾಕು ಕಂಡು ಗಾಬರಿಯಾದಳು. ಕೂತ್ಕೊ ಅಕ್ಕ ಎಂದೆ. ಕೂತಳು. ಹೇಳಿದೆ. ಪಟ್ಟಿಯ ವಿಷಯ ಹೇಳಿದೆ, ಅದು ಬುಡವನ್ನು ತಾಗದೆ ಮೇಲೆದ್ದು ನಿಂತದ್ದು ಹೇಳಿದೆ, ಕುಲುಮೆ, ಸ್ಪೋಕಿನ ಮೊಳೆ, ಒಂದು ವಾರದ ಕೆಲಸ, ಎಲ್ಲ ಹೇಳಿದೆ. ಚಾಕನ್ನು ತೆರೆದು ಮುಚ್ಚಿ ತೋರಿಸಿದೆ. ವಿಭೂತಿ ಹೇಗೆ ಗಾರೆಯಾಗಿ ಅಲಗನ್ನು ಹಿಡಿಯುತ್ತದೆ ಎಂದು ವಿವರಿಸಿದೆ. ಅರ್ಜಿ ಓದಿ ಹೇಳುವ ಗುಮಾಸ್ತನ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಭಾವನಿಗೆ ಕೋಪ ಬಂದಿರಲಿಲ್ಲ ಅಕ್ಕ, ನನಗೆ ಅವತ್ತೇ ಗೊತ್ತಿತ್ತು ಎಂದು ಮುಗಿಸಿದೆ.

ಅಕ್ಕ ತನ್ನ ನೆಟ್ಟಗಿನ ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಬಯ್ಯುತ್ತಾಳೆ ಅಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು.

"ಒಂಬತ್ ವರ್ಸ ಅವ್ರು ನನ್ ಮ್ಯಾಲೆ ಮುನಿಸ್ಕಂಡವ್ರೆ ಅಂತ್ಲೇ ಇದ್ದೆ," ಎಂದಳು. "ನಿನ್ ಕೈತಪ್ಪು ಅಂತ ಅವತ್ತೇ ಅಂದಿದ್ರೆ, ಗಾಯ ಒಣಗೋ ಒತ್ಗೆ ಮರ್ತೇ ಬುಡ್ತಿದ್ದೆ ಕಣ್ಲಾ."

ನಾನು ಚಾಕನ್ನು ಅವಳ ಮುಂದೆ ನೆಲದ ಮೇಲೆ ಇಟ್ಟೆ. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ನಂಗ್ಬ್ಯಾಡ, ನೀನೇ ಮಡಿಕ್ಕ ಎಂದು ಹೇಳಿ ಎದ್ದು, ಒಲೆಯ ಮೇಲಿದ್ದ ಅನ್ನ ನೋಡಲು ಹೋದಳು. ಮುಂದಿನ ಸೋಮವಾರ ಅವಳು ಹಣೆಗೆ ವಿಭೂತಿ ಇಟ್ಟುಕೊಂಡು ಕೈ ತೊಳೆದುಕೊಂಡಳು. ಅದರ ಮುಂದಿನ ಸೋಮವಾರವೂ ಅಷ್ಟೇ. ಆ ಮಾತನ್ನು ಅವಳು ಮತ್ತೆ ಎತ್ತಲೂ ಇಲ್ಲ, ನನ್ನೊಡನೆ ಮಾತು ಬಿಡಲೂ ಇಲ್ಲ. ಕಾಫಿ ಕೊಟ್ಟಳು, ಊಟಕ್ಕೆ ಕರೆದಳು.

ಚಾಕು ನನ್ನ ಬಳಿ ಉಳಿಯಿತು. ಅದನ್ನು ನಾನು ಬಿಚ್ಚಲಿಲ್ಲ, ಎಣ್ಣೆ ಬಿಡಲಿಲ್ಲ. ಸೋಮವಾರ ಸ್ನಾನವಾದ ಮೇಲೆ ಅದಕ್ಕೆ ಮೂರು ಗೆರೆ ಎಳೆಯುವ ಕೆಲಸ ನನ್ನದಾಯಿತು. ಎಳೆದು, ತಪ್ಪಾಯ್ತು ಎನ್ನುತ್ತಿದ್ದೆ. ಅಕ್ಕ ಪಕ್ಕದ ಅಡಿಗೆಮನೆಯಲ್ಲೇ ಇರುತ್ತಿದ್ದಳು. ಅಂದು ಹೊಸ್ತಿಲ ಮೇಲೆ ಕೂತು ಪಟ್ಟಿ, ಮೊಳೆ, ಕುಲುಮೆ ಎಂದು ಅಷ್ಟೆಲ್ಲ ಹೇಳಿದವನ ಬಾಯಲ್ಲಿ, ಚಾಕಿಗೆ ಹೇಳುತ್ತಿದ್ದ ಆ ಒಂದು ಮಾತು ಮಾತ್ರ ಅವಳ ಎದುರಿಗೆ ಬರಲೇ ಇಲ್ಲ.